ಹೊರಟಾಗಲೆಲ್ಲ ಒದರುವ ಕಾರು

ನನ್ನಂಥ ಪುಕ್ಕಲ ಮನುಷ್ಯ ಕಾರಿನ ಉಸಾಬರಿಗೆ ಹೋಗಬಾರದಿತ್ತು. ಇದನ್ನು ನಾನೇ ಮೊದಲು ಒಪ್ಪಿಕೊಂಡುಬಿಟ್ಟರೆ ಬೇರೆಯವರು ಹೇಳುವ ಕಷ್ಟ ತಪ್ಪುತ್ತದೆ. ಕೆಲವರು ಗಾಡಿಯಲ್ಲಿ ಒಂದು ಸಣ್ಣ ಸಪ್ಪಳ ಬಂದರೂ ಸಾಕು, ಹಬ್ಬ ಬಂದವರ ಹಾಗೆ ಬಾನೆಟ್ ಎತ್ತಿ, ಅಂಗಿ ತೋಳು ಮಡಚಿ, ಕೈ ಕರ್ರಗೆ ಮಾಡಿಕೊಂಡು ನಿಲ್ಲುತ್ತಾರೆ. ನಾನು ಸಪ್ಪಳ ಬಂದರೆ ಟೇಪ್ ರೆಕಾರ್ಡರಿನ ದನಿ ಏರಿಸುವವನು. ಸ್ಕೂಟರು ಇದ್ದಾಗಲೂ ಅದೇ ಹಣೆಬರಹ. ಹನ್ನೊಂದು ವರ್ಷ ಓಡಿಸಿದರೂ ಪ್ಲಗ್ ಬಿಚ್ಚುವುದು ನನಗೆ ಬರಲಿಲ್ಲ. ಗಾಡಿ ನಿಂತರೆ ರಸ್ತೆ ಬದಿಗೆ ತಳ್ಳಿ, ತಿಳಿದವರು ಯಾರಾದರೂ ಬರುವ ತನಕ ಗಂಭೀರವಾಗಿ ಹೊಲ ನೋಡುತ್ತ ನಿಲ್ಲುವುದನ್ನು ಮಾತ್ರ ಚೆನ್ನಾಗಿ ಕಲಿತೆ. ಹಾಗೆ ನಿಂತಾಗ ಜನ ನನ್ನನ್ನು ಕೃಷಿ ಇಲಾಖೆಯವನು ಎಂದುಕೊಂಡು ಬೆಳೆಗೆ ಹತ್ತಿದ ಹುಳದ ಔಷಧಿ ಕೇಳಿದ್ದೂ ಉಂಟು.

ಇಂಥ ನಾನು ಎರಡು ಸಾವಿರದ ಇಸವಿ ದಾಟಿದ ಮೇಲೆ, ಬೈಲಹೊಂಗಲದ ನಮ್ಮ ಓಣಿಯಲ್ಲಿ ಇಬ್ಬರು ಕಾರು ತಂದರು ಎಂಬ ಒಂದೇ ಕಾರಣಕ್ಕೆ, ಮೂರನೆಯವನಾಗಿ ಹಳೆಯ ಬಿಳಿ ಕಾರೊಂದನ್ನು ತಂದೆ. ಬೆಳಗಾವಿಯ ಒಬ್ಬ ಡಾಕ್ಟರು ಇಟ್ಟುಕೊಂಡಿದ್ದ ಗಾಡಿ. ಅವರಿಗೆ ಕಳ್ಳರ ಭಯ ಬಹಳವಿತ್ತೆಂದು ಕಾಣುತ್ತದೆ. ಕಂಪನಿಯವರು ಕೊಡದ ಒಂದು ಪೆಟ್ಟಿಗೆಯನ್ನು ಒಳಗೆ ಕೂರಿಸಿದ್ದರು. ನಾಲ್ಕು ಬಾಗಿಲಿಗೆ ನಾಲ್ಕು ಸೆನ್ಸರು, ಅಲ್ಲಿಂದ ಪೆಟ್ಟಿಗೆಗೆ ತಂತಿ, ಪೆಟ್ಟಿಗೆಯಿಂದ ಸೈರನ್ನಿಗೆ ತಂತಿ. ಬಾಗಿಲು ಸರಿಯಾಗಿ ಕೂರದೆ ಕೀಲಿ ತಿರುವಿದಿರೋ, ಹತ್ತು ಎಣಿಸುವಷ್ಟರಲ್ಲಿ ಕಾರು ಬಾಯಿ ಬಡಿದುಕೊಳ್ಳಲು ಶುರು ಮಾಡುತ್ತಿತ್ತು. ಅದು ಸಾಮಾನ್ಯ ಸೈರನ್ ಅಲ್ಲ. ಮೊದಲು ಸಣ್ಣಗೆ ಕುಂಯ್ ಎಂದು ರಾಗ ತೆಗೆದು, ಆಮೇಲೆ ಎದೆ ಒಡೆಯುವ ಹಾಗೆ ಒದರಿ, ನಡುನಡುವೆ ಬಿಕ್ಕಳಿಸುತ್ತಿತ್ತು. ಡಾಕ್ಟರು ಇದನ್ನು ಗಾಡಿಯ ದೊಡ್ಡ ಗುಣವೆಂದು ಹೇಳಿ ಕೊಟ್ಟರು, ನಾನೂ ಹಾಗೆಂದೇ ಊರಲ್ಲಿ ಹೇಳಿಕೊಂಡು ಬಂದೆ.

ಈಗ ನಮ್ಮ ಅವ್ವನ ವಿಷಯ ಹೇಳಬೇಕು. ಅವ್ವನ ಪ್ರಕಾರ ಊರಿಗೆ ಹೋಗುವುದು ಸಣ್ಣ ಕೆಲಸ, ಹೊರಡುವುದೇ ದೊಡ್ಡ ಕೆಲಸ. ಹೊರಟು ನಿಂತಾಗ ಯಾರೂ ಸೀನಬಾರದು. ಹಲ್ಲಿ ಲೊಚ್ಚೆನ್ನಬಾರದು. "ಎಲ್ಲಿಗೆ ಹೊಂಟ್ರಿ?" ಎಂದು ಯಾರೂ ಕೇಳಬಾರದು. ಕೇಳಿದರೆ ಒಳಗೆ ಹೋಗಿ ಕೂತು, ನೀರು ಕುಡಿದು, ಮತ್ತೆ ಏಳಬೇಕು. ಎದುರು ಮನೆಯ ನಿವೃತ್ತ ಮಾಸ್ತರರಿಗೆ ಹೊರಟವರನ್ನೆಲ್ಲ ಎಲ್ಲಿಗೆಂದು ಕೇಳುವುದೇ ಉದ್ಯೋಗವಾದ್ದರಿಂದ, ಅವರು ಸ್ನಾನಕ್ಕೆ ಹೋದ ಹೊತ್ತು ನೋಡಿ ನಾವು ಪ್ರಯಾಣ ಬೆಳೆಸುತ್ತಿದ್ದೆವು. ಕಾರು ಬಂದ ಮೇಲೆ ಕಾರಿಗೂ ಪೂಜೆ ಸೇರಿತು. ಅವ್ವ ತಾಮ್ರದ ಬಟ್ಟಲಲ್ಲಿ ವಿಭೂತಿ ಗಟ್ಟಿ ತೇಯ್ದುಕೊಂಡು ಬಂದು, ಮೂರು ಬೆರಳಿನಿಂದ ಬಾನೆಟ್ಟಿಗೆ, ಗಾಲಿಗೆ, ಸ್ಟೀರಿಂಗಿಗೆ, ಕೊನೆಗೆ ನನ್ನ ಹಣೆಗೆ ಹಚ್ಚಿ, ಆಮೇಲೆ ತಾನು ಹಿಂದಿನ ಎಡಗಡೆಯ ಸೀಟಿನಲ್ಲಿ ಕೂರುತ್ತಿದ್ದಳು. ನನಗೆ ಸ್ಟೀರಿಂಗಿನ ವಿಭೂತಿ ಅಂಗೈಗೆ ಹತ್ತುವುದೊಂದು ಬಿಟ್ಟರೆ ಏನೂ ತೊಂದರೆ ಇರಲಿಲ್ಲ.

ಕಾರು ತಂದು ಹತ್ತು ತಿಂಗಳು ಎಲ್ಲ ಸುರಳೀತ ನಡೆಯಿತು. ಆಮೇಲೆ ಒಂದು ದಿನ ಸಂಗೊಳ್ಳಿಯ ಮದುವೆಗೆ ಹೊರಟಾಗ, ನಾಲ್ಕೂ ಬಾಗಿಲು ಗಟ್ಟಿಯಾಗಿ ಹಾಕಿದ್ದರೂ ಕಾರು ಒದರಿತು. ಅಕ್ಕಪಕ್ಕದವರು ಹೊರಗೆ ಬಂದರು. ಮಾಸ್ತರರು ಅರ್ಧ ಸ್ನಾನದಲ್ಲಿ ಎದ್ದು ಬಂದು, "ಎಲ್ಲಿಗ್ರೀ ಸವಾರಿ?" ಎಂದು ಕೇಳಿಯೂ ಬಿಟ್ಟರು. ಅವ್ವನ ಮುಖ ಸಣ್ಣದಾಯಿತು. ಆದರೂ ಮದುವೆ ತಪ್ಪಿಸುವ ಹಾಗಿರಲಿಲ್ಲವೆಂದು ಹೋದೆವು. ಅಲ್ಲಿ ಊಟದ ಪಂಕ್ತಿಯಿಂದ ಏಳುವಾಗ ಅವ್ವ ಸಾರು ಚೆಲ್ಲಿದ ಕಡೆ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಳು. ಒಂದು ತಿಂಗಳು ಮನೆಯಲ್ಲಿ ಕೂತು, ಬಂದವರಿಗೆಲ್ಲ ಕಾಲು ತೋರಿಸುತ್ತ, "ಗಾಡಿ ಬ್ಯಾಡಾ ಬ್ಯಾಡಾ ಅಂತ ಅಳ್ತು. ನಾವ ಕೇಳಲಿಲ್ಲ" ಎಂದು ಹೇಳಿದಳು. ಸಾರು ಚೆಲ್ಲಿದವನ ಹೆಸರು ಒಂದು ಸಲವೂ ಬರಲಿಲ್ಲ.

ಇಷ್ಟಾಗಿದ್ದರೆ ನಗೆಯ ಮಾತಾಗಿ ಮುಗಿಯುತ್ತಿತ್ತು. ಆದರೆ ಒಂದು ರವಿವಾರ ರಾಮದುರ್ಗದಿಂದ ಫೋನು ಬಂತು. ಅಲ್ಲಿ ಅವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವ ಇದ್ದಳು. ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಕಾರಣ ಕೇಳಿದರೆ ನಗಬೇಡಿ. ನನ್ನ ಮದುವೆಯಲ್ಲಿ ಅವ್ವ ಆಯೇರಿ ಅಂತ, ಅಂದರೆ ಉಡುಗೊರೆಯಾಗಿ, ದೊಡ್ಡವ್ವನಿಗೆ ಕೊಟ್ಟ ಇಳಕಲ್ಲ ಸೀರೆ, ಅದಕ್ಕೂ ಎರಡು ವರ್ಷದ ಹಿಂದೆ ದೊಡ್ಡವ್ವನೇ ಅವ್ವನಿಗೆ ಕೊಟ್ಟ ಸೀರೆಯಾಗಿತ್ತು. ಟ್ರಂಕಿನಲ್ಲಿ ಮಡಿಕೆ ಬಿಚ್ಚದೆ ಇದ್ದ ಸೀರೆಗಳ ರಾಶಿಯಲ್ಲಿ ಯಾವುದು ಎಲ್ಲಿಂದ ಬಂದದ್ದೆಂದು ಅವ್ವನಿಗೆ ನೆನಪಿರಲಿಲ್ಲ. ದೊಡ್ಡವ್ವನಿಗೆ ಚೆನ್ನಾಗಿ ನೆನಪಿತ್ತು. ಮದುವೆ ಚಪ್ಪರದ ಕೆಳಗೇ ಸೀರೆಯ ಮಡಿಕೆ ಬಿಚ್ಚಿ ಸೆರಗು ನೋಡಿ, "ನನ್ನ ಸೀರಿ ನನಗ ತಿರುಗಿ ಕೊಟ್ಟೆಲ್ಲವಾ, ಬಾಳ ದೊಡ್ಡ ಮನಸ ನಿಂದು" ಎಂದಳು. ಅವ್ವನಿಗೆ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಬಂದದ್ದು ಬೇರೆ ಮಾತು: "ಒಗದ ಬಿಡು, ಬ್ಯಾಡಾದ್ರ." ಅಷ್ಟೇ. ಉಣ್ಣದೆ ಹೋದ ದೊಡ್ಡವ್ವ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ, ಅವ್ವ ಆ ದಿಕ್ಕಿಗೆ ತಲೆ ಹಾಕಲಿಲ್ಲ.

ಫೋನು ಮಾಡಿದವನು ದೊಡ್ಡವ್ವನ ಮಗ ಈರಣ್ಣ. "ಬಸು, ಅವ್ವನ ಹೊಟ್ಟ್ಯಾಗ ಗಡ್ಡಿ ಆಗೇತಿ. ಶುಕ್ರವಾರ ಬೆಳಗಾವ್ಯಾಗ ಆಪರೇಷನ್. ಗುರುವಾರ ಸಂಜೀಕ ನಾಕಕ್ಕ ಇಲ್ಲಿಂದ ಹೊಂಟ ಬಿಡತೇವಿ. ಡಾಕ್ಟರು ಧೈರ್ಯಾ ಹೇಳವಲ್ರು. ಅದಕ್ಕಿಂತ ಮೊದಲ ಚಿಗವ್ವನ್ನ ಒಮ್ಮೆ ಕರಕೊಂಡ ಬಾ ಅಂತ ಅವ್ವ ಅಂದಾಳ" ಎಂದ. ಚಿಗವ್ವ ಅಂದರೆ ನಮ್ಮವ್ವ. ನಾನು ಫೋನಿಟ್ಟು ಅವ್ವನಿಗೆ ಹೇಳಿದೆ. ಅವ್ವ ಬುಟ್ಟಿಯಲ್ಲಿ ಮೆಂತ್ಯಪಲ್ಲೆ ಸೋಸುತ್ತಿದ್ದಳು. ಎಲೆಯನ್ನು ಕಸಕ್ಕೂ ದಂಟನ್ನು ಬುಟ್ಟಿಗೂ ಹಾಕುತ್ತ, "ಆಕೀನ ಅಂದ್ಲೇನು? ಈರಣ್ಣ ತಾನ ಕಟ್ಟಿ ಹೇಳಿದನೇನು?" ಎಂದಳು. "ಆಕೀನ ಅಂದಾಳಬೇ" ಎಂದೆ. "ಹಂಗಾರ ನಾಳಿಗೆ ಹೋಗೋಣು" ಎಂದಳು. ನನ್ನ ಹೆಂಡತಿ ಗಿರಿಜಾ ಒಲೆಯ ಮುಂದೆ ನಿಂತವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಸೋಮವಾರ ಮುಂಜಾನೆ ಮಾಸ್ತರರ ಬಚ್ಚಲಲ್ಲಿ ನೀರಿನ ಸಪ್ಪಳ ಕೇಳಿದ ಕೂಡಲೇ ಅವ್ವ ಪೂಜೆ ಮುಗಿಸಿದಳು. ಅಂದು ಎಂದಿಗಿಂತ ಹೆಚ್ಚು ಹೊತ್ತು ಪೂಜೆ ಮಾಡಿದಳು. ಕೂತಳು. ನಾನು ಬಾಗಿಲು ಹಾಕಿ, ಎರಡು ಸಲ ತಳ್ಳಿ ನೋಡಿ, ಕೀಲಿ ತಿರುವಿದೆ. ಮನಸ್ಸಿನಲ್ಲೇ ಎಣಿಸಿದೆ. ಒಂಬತ್ತಕ್ಕೆ ಕುಂಯ್ ಎಂದಿತು. ಹತ್ತಕ್ಕೆ ಇಡೀ ಓಣಿಗೆ ಕೇಳುವ ಹಾಗೆ ಅತ್ತಿತು. ಕೀಲಿ ತೆಗೆದೆ, ಮತ್ತೆ ಹಾಕಿದೆ, ಮತ್ತೆ ಅತ್ತಿತು. ಹಿಂದೆ ತಿರುಗಿ ನೋಡಿದರೆ ಅವ್ವ ಬಾಗಿಲು ತೆಗೆದು ಆಗಲೇ ಒಂದು ಕಾಲು ಕೆಳಗಿಟ್ಟಿದ್ದಳು. "ಇವತ್ತ ಬ್ಯಾಡ" ಎಂದಳು. ನಾನು, "ಯವ್ವಾ, ಇದು ಬರೇ ವಾಯರಿಂದು. ಶಕುನಾ ಗಿಕುನಾ ಏನೂ ಅಲ್ಲ" ಎಂದೆ. ಅವಳು ತನ್ನ ಉಳುಕಿದ ಕಾಲು ನೋಡಿದಳು. "ಕಾಲ ಉಳಕಿದ್ದು ನಂದು, ಹೋಗ್ಲಿ. ಆಕಿ ಆಪರೇಷನ್ನಿಗೆ ಹೊಂಟಾಳ. ನಾ ಅಪಶಕುನಾ ತಗೊಂಡ ಆಕಿ ಮನೀಗೆ ಹೋಗ್ಲೇನು?" ಎಂದಳು.

ಬಾಡಿಗೆ ಜೀಪು ತರುತ್ತೇನೆ ಎಂದೆ. ಅದಕ್ಕೂ ಒಪ್ಪಲಿಲ್ಲ. "ಮಗಾ ಗಾಡಿ ತಗೊಂಡಾನ ಅಂತ ಆಕಿಗೆ ಗೊತ್ತೈತಿ. ಬಾಡಗಿ ಜೀಪಿನ್ಯಾಗಿಂದ ಇಳಿದ್ರ ಏನ್ ತಿಳಕೊಂತಾಳ?" ಎಂದಳು. ನೋಡಿ, ಅಪಶಕುನವೂ ಬೇಡ, ಅಪಮಾನವೂ ಬೇಡ. ಎರಡರ ನಡುವೆ ನನ್ನ ಬಿಳಿ ಕಾರು ಅಂಗಳದಲ್ಲಿ ವಿಭೂತಿ ಬಳಿದುಕೊಂಡು ಸಾಧುವಾಗಿ ನಿಂತಿತ್ತು. ಕೋಪ ತಡೆಯದೆ ಅದರ ಗಾಲಿಗೆ ಒದ್ದೆ. ಚಪ್ಪಲಿಯ ಉಂಗುಟ ಕಿತ್ತು ಬಂತು.

ಮಂಗಳವಾರ ಮನೆ ಬಿಟ್ಟು ಹೊರಡುವುದಿಲ್ಲವೆಂಬುದು ಅವ್ವನ ನೇಮ. ಆ ದಿನ ನಮ್ಮೂರ ಗ್ಯಾರೇಜಿಗೆ ಹೋದೆ. ಅಲ್ಲಿ ಮೇಸ್ತ್ರಿ ಕೀಲಿ ತಿರುವಿದ. ಸದ್ದಿಲ್ಲ. ಬಾಗಿಲು ತೆಗೆದ, ಹಾಕಿದ, ಮತ್ತೆ ತಿರುವಿದ. ತೆಗೆದಾಗ ಒದರಿ, ಹಾಕಿದಾಗ ಸುಮ್ಮನಾಗಿ, ಕಾರು ಶಾಲೆಯ ತಪಾಸಣೆ ದಿನದ ಹುಡುಗನ ಹಾಗೆ ನಡೆದುಕೊಂಡಿತು. "ಛಲೋ ಐತೆಲ್ರೀ" ಎಂದು ಮೇಸ್ತ್ರಿ ನನ್ನನ್ನೇ ಅನುಮಾನದಿಂದ ನೋಡಿದ. ನಾನು ಮನೆಯಲ್ಲಿ ಅದು ಮಾಡುವ ಸದ್ದನ್ನು ಬಾಯಿಂದ ಮಾಡಿ ತೋರಿಸಿದೆ. ಚಹದಂಗಡಿಯವರು ಇಣುಕಿ ನೋಡಿದರು. ಅವನು ಸಮಾಧಾನಕ್ಕೆಂದು ನಾಲ್ಕೂ ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಟ್ಟು ಕಳಿಸಿದ. ಆ ಪೆಟ್ಟಿಗೆ ಮಾತ್ರ ಮುಟ್ಟುವುದಿಲ್ಲವೆಂದ, ಮುಟ್ಟಿದರೆ ಎಂಜಿನ್ನೇ ಚಾಲೂ ಆಗದಂತೆ ಕಟ್ಟಿರುತ್ತಾರಂತೆ. ಇಡೀ ದಿನ ನಾನು ಕಾರನ್ನು ಊರ ತುಂಬ ಓಡಿಸಿದೆ. ಸಂಪಗಾಂವದ ತನಕ ಹೋಗಿ ಬಂದೆ. ಒಂದು ಚೂರೂ ಸದ್ದಿಲ್ಲ. ಗೆದ್ದೆ ಎಂದುಕೊಂಡು ಮನೆಗೆ ಬಂದು ಅವ್ವನಿಗೆ, "ನಾಳಿ ಎಂಟಕ್ಕ ತಯಾರಾಗಬೇ" ಎಂದೆ.

ಬುಧವಾರ ಎಂಟಕ್ಕೆ ಸರಿಯಾಗಿ ಪೂಜೆಯಾಯಿತು, ಅವ್ವ ಕೂತಳು, ನಾನು ಕೀಲಿ ತಿರುವಿದೆ, ಕಾರು ಒದರಿತು. ಅವ್ವ ಸಿಟ್ಟಾದರೂ ಮಾಡಿದ್ದರೆ ನನಗೆ ಜೀವ ತಣ್ಣಗಾಗುತ್ತಿತ್ತು. ಮೆಲ್ಲಗೆ ಇಳಿದು, ಕೈಚೀಲದಲ್ಲಿ ಅಕ್ಕನಿಗೆಂದು ಕಟ್ಟಿಕೊಂಡಿದ್ದ ಕರದಂಟಿನ ಪೊಟ್ಟಣ ತೆಗೆದು ಗಿರಿಜಾಳ ಕೈಗೆ ಕೊಟ್ಟು, "ಹುಡುಗೂರಿಗೆ ಕೊಡು" ಎಂದು ದೇವರ ಮನೆಗೆ ಹೋಗಿ ಕದ ಮುಂದೆ ಮಾಡಿಕೊಂಡಳು. ನಾಷ್ಟಾಕ್ಕೆ ಕರೆದರೆ ಬರಲಿಲ್ಲ. ಗಿರಿಜಾ ನನ್ನ ಹತ್ತಿರ ಬಂದು, "ರೀ, ನಾಳೆ ಒಂದ ದಿನ ಉಳದೈತಿ. ಏನರ ಮಾಡ್ರಿ. ದೊಡ್ಡವ್ವಗ ಹೆಚ್ಚು ಕಡಿಮಿ ಆತಂದ್ರ ಅತ್ತಿಯವರು ಜೀವ್ನಾಪರ್ಯಂತ ತಮ್ಮನ್ನ ತಾವ ಕ್ಷಮಿಸ್ಕೊಳೂದಿಲ್ಲ" ಎಂದಳು. ಆಫೀಸಿಗೆ ರಜೆ ಚೀಟಿ ಕಳಿಸಿ, ಕಿತ್ತೂರಿನ ದಾರಿ ಹಿಡಿದೆ. ಅಲ್ಲಿ ಹೆದ್ದಾರಿ ಬದಿಗೆ ರಾಜೇಸಾಬ ಎಂಬ ಗಾಡಿ ಎಲೆಕ್ಟ್ರಿಷಿಯನ್ ಇದ್ದಾನೆ, ಲಾರಿಯವರು ಅವನನ್ನು ಬಿಟ್ಟು ಬೇರೆಯವರಿಗೆ ವಾಯರಿಂಗ್ ತೋರಿಸುವುದಿಲ್ಲ ಎಂದು ಕೇಳಿದ್ದೆ.

ರಾಜೇಸಾಬ ಅರವತ್ತು ದಾಟಿದವನು. ಕನ್ನಡಕಕ್ಕೆ ದಾರ ಕಟ್ಟಿಕೊಂಡು, ತಗಡಿನ ಶೆಡ್ಡಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. ನಾನು ಮೂರು ದಿನದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ದೊಡ್ಡವ್ವನ ಗಡ್ಡಿ, ಇಳಕಲ್ಲ ಸೀರೆ, ಸಂಗೊಳ್ಳಿಯ ಸಾರು, ಏನೂ ಬಿಡಲಿಲ್ಲ. ಅವನು ಕೀಲಿ ತಿರುವಿದ. ನಿರೀಕ್ಷೆಯಂತೆ ಕಾರು ಮೌನ. ನನಗೆ ಅಳುವೇ ಬಂತು. "ನೋಡ್ರಿ, ನೋಡ್ರಿ! ಇಲ್ಲಿ ಸುಮ್ನಿರತೈತಿ, ನಮ್ಮವ್ವ ಕುಂತ ಕೂಡ್ಲೆ ಒದರತೈತಿ. ಇದಕ್ಕ ನಮ್ಮ ಮನಿ ಮ್ಯಾಲ ಏನ್ ಹಗೆತನಾ?" ಎಂದೆ. ರಾಜೇಸಾಬ ನಗಲಿಲ್ಲ. "ಸಾಹೇಬ್ರ, ಗಾಡಿಗೆ ಹಗೆತನಾ ತಿಳಿಯೂದಿಲ್ರಿ. ಅವ್ವಾರು ಕುಂದ್ರೂಕಿಂತ ಮೊದಲ ಏನೇನ್ ಮಾಡ್ತಾರು, ಒಂದೊಂದ ಹೇಳ್ರಿ. ಗಡಬಡಾ ಮಾಡಬ್ಯಾಡ್ರಿ" ಎಂದ.

ಹೇಳಿದೆ. ಬಾನೆಟ್ಟು, ಗಾಲಿ, ಸ್ಟೀರಿಂಗು, ನನ್ನ ಹಣೆ. "ಆಮ್ಯಾಲ?" ಎಂದ. ಆಮೇಲೆ ಹತ್ತಿ ಕೂರುತ್ತಾರೆ ಎಂದೆ. "ಹತ್ತೂ ಮುಂದ ಏನೂ ಮಾಡೂದಿಲ್ಲೇನ್ರಿ? ನಮ್ಮನ್ಯಾಗ ಮುದುಕರು ಬಾಗಲಾ ದಾಟೂ ಮುಂದ ಸುಮ್ನ ದಾಟೂದಿಲ್ರಿ" ಎಂದ. ಆಗ ನೆನಪಾಯಿತು. ಕನ್ನಡಿಯಲ್ಲಿ ಕಂಡದ್ದು ಎಷ್ಟೋ ಸಲ, ಗಮನ ಕೊಟ್ಟಿರಲಿಲ್ಲ. ಅವ್ವ ಹತ್ತುವ ಮೊದಲು ತನ್ನ ಬಾಗಿಲ ಮುಂದೆ ಬಗ್ಗಿ ನಿಲ್ಲುತ್ತಿದ್ದಳು. ಬಾಗಿಲು ಎಂದ ಮೇಲೆ ಹೊಸ್ತಿಲು ಇರಬೇಕಲ್ಲ? ಮನೆಯ ಹೊಸ್ತಿಲಿಗೂ ಚೌಕಟ್ಟಿಗೂ ದಿನಾ ಪೂಜೆ ಮಾಡುವ ಕೈ, ಕಾರಿನ ಹೊಸ್ತಿಲನ್ನೂ ಚೌಕಟ್ಟನ್ನೂ ಬಿಟ್ಟಿರಲಿಲ್ಲ. ರಾಜೇಸಾಬ ಹಿಂದಿನ ಎಡ ಬಾಗಿಲು ತೆಗೆದು ಚೌಕಟ್ಟಿಗೆ ಬೆರಳು ತೋರಿಸಿದ. ಮೂರು ಪಟ್ಟೆಗಳ ಮೇಲೆ ಮೂರು ಪಟ್ಟೆ, ವರ್ಷದ ವಿಭೂತಿ ಅಲ್ಲಿ ಗಿಲಾವು ಮಾಡಿದ ಹಾಗೆ ಕೂತಿತ್ತು. ಅದರ ನಟ್ಟನಡುವೆ ಬಟಾಣಿ ಕಾಳಿನಷ್ಟು ಗಾತ್ರದ ಒಂದು ಗುಂಡಿ. ಬಾಗಿಲು ಹಾಕಿದಾಗ ಒಳಗೆ ಒತ್ತಿಕೊಳ್ಳುವ, ತೆಗೆದಾಗ ಹೊರಗೆ ಬರುವ ಆ ಗುಂಡಿಯೇ ಸೆನ್ಸರು.

ಅವನು ಒಂದೇ ಸ್ಕ್ರೂ ಬಿಚ್ಚಿ ಅದನ್ನು ಹೊರಗೆಳೆದ. ಒಳಗೆಲ್ಲ ಬಿಳಿ ಪುಡಿ. "ತಿಂಗಳಗಟ್ಲೆ ಒಳಗ ಇಳದ ಕುಂತೈತ್ರಿ. ಒಣಗಿದ್ರ ಇದೇನ್ ಮಾಡೂದಿಲ್ರಿ. ಹಸಿ ಇದ್ದಾಗ ಕರೆಂಟ ಹಾಯತೈತಿ. ಪೆಟಗಿ ಬಾಗಲಾ ತೆರದೈತಿ ಅಂತ ತಿಳಕೊಂತೈತಿ. ಅವ್ವಾರು ಮುಂಜೇಲೆ ಹಸೀದು ಹಚ್ಚತಾರು, ಒದರತೈತಿ. ನನ್ನ ಕಡೆ ಬರೂದ್ರಾಗ ಒಣಗತೈತಿ, ಸುಮ್ನಾಗತೈತಿ" ಎಂದ. ಶುಭವಾಗಲಿ ಎಂದು ಅವ್ವ ಹಚ್ಚಿದ್ದೇ ಅಪಶಕುನವಾಗಿ ಒದರುತ್ತಿತ್ತು. ಸೋಮವಾರ ಹೆಚ್ಚು ಭಕ್ತಿಯಿಂದ ಹೆಚ್ಚು ಹಚ್ಚಿದ್ದಳು, ಹೆಚ್ಚು ಒದರಿತು. ಅಲ್ಲಿಯೇ ನಗು ಬಂತು, ಹಿಂದೆಯೇ ಹೆದರಿಕೆ. ಇದನ್ನು ಅವ್ವನಿಗೆ ಹೇಗೆ ಹೇಳಲಿ? ನಿನ್ನ ಕೈಯೇ ನಿನ್ನ ದಾರಿಗೆ ಅಡ್ಡ ಬಂತು ಎಂದರೆ, ದೇವರಿಗೇ ಇಷ್ಟವಿಲ್ಲ ಎಂದು ತಿಳಿದು ಅವಳು ಮತ್ತೆ ಆ ಕದ ತೆಗೆಯುವುದಿಲ್ಲ.

ರಾಜೇಸಾಬ ಪುಡಿಯನ್ನು ಊದಿ ಹಾರಿಸುತ್ತಾನೆಂದುಕೊಂಡಿದ್ದೆ. ಅವನು ಹಾಗೆ ಮಾಡಲಿಲ್ಲ. ಒಂದು ಕಾಗದ ಹಾಸಿ, ಗುಂಡಿಯನ್ನು ಅದರ ಮೇಲೆ ಮೆಲ್ಲಗೆ ಬಡಿದು, ಚೌಕಟ್ಟಿನದನ್ನೂ ಕೆರೆದು ಸೇರಿಸಿ, ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟ. "ಕಾಲಾಗ ಬರಬಾರದ್ರಿ, ವಿಭೂತಿ ಐತಿ" ಎಂದ. ನಾನು, ನಾಳೆ ಒಂದು ದಿನ ಅಲ್ಲಿ ಹಚ್ಚದ ಹಾಗೆ ಅವ್ವನನ್ನು ಏನು ನೆಪ ಹೇಳಿ ತಡೆಯಲಿ ಎಂದು ಕೇಳಿದೆ. "ಅವ್ವಾರ ಕೈ ಹಿಡ್ಯಾಕ ನಾವ್ಯಾರ್ರೀ? ಅವರು ಹಚ್ಚೂದ ಹಚ್ಚಲಿ. ನಾವ ಗುಂಡಿಗೆ ಟೊಪಗಿ ಹಾಕೂಣು" ಎಂದು ಹಳೆಯ ಸೈಕಲ್ ಟ್ಯೂಬು ಕತ್ತರಿಸಿ, ಸೊಲ್ಯೂಷನ್ ಬಳಿದು, ಗುಂಡಿಯ ಮೇಲೆ ಸಣ್ಣ ರಬ್ಬರಿನ ಗವುಸು ಕೂರಿಸಿದ. ಬೇಕೆಂದರೆ ಆ ಬಾಗಿಲಿನ ತಂತಿಯನ್ನೇ ಕಿತ್ತುಬಿಡಬಹುದು, ಆಗ ಅದು ಎಂದೂ ಒದರುವುದಿಲ್ಲ, ಆದರೆ ವಯಸ್ಸಾದವರು ಒರಗಿ ಕೂರುವ ಬಾಗಿಲು, ತೆರೆದಿದ್ದು ತಿಳಿಯದಿದ್ದರೆ ಕೇಡು ಎಂದ. ಬೇಡ ಬೇಡ, ರಿಪೇರಿಯೇ ಇರಲಿ ಎಂದೆ. ಅಂಟು ಸರಿಯಾಗಿ ಹಿಡಿಯಲು ಒಂದು ದಿನ ಬೇಕು, ಅದಕ್ಕೂ ಮೊದಲು ನೀರು ತಾಗಿದರೆ ತಾನು ಖಾತ್ರಿ ಕೊಡಲಾರೆ ಎಂದೂ ಹೇಳಿದ. ನಮ್ಮ ಹತ್ತಿರ ಒಂದು ದಿನ ಇರಲಿಲ್ಲ.

ಮನೆಗೆ ಬಂದು ದೇವರ ಮನೆಯ ಕದದ ಮುಂದೆ ನಿಂತು ಸುಳ್ಳು ಹೇಳಿದೆ. "ಯವ್ವಾ, ತಪ್ಪು ನಂದ ಐತಿ. ನಾ ಬಾಗಲಾ ದಬಾ ದಬಾ ಬಡದು ಬಡದು ಒಂದ ಗುಂಡಿ ಮುರದಿದ್ನಂತ. ಹೊಸಾದ ಹಾಕಿಸ್ಕೊಂಡ ಬಂದೇನಿ. ನಾಳಿ ಒಂದ ಸಲ ನೋಡೋಣು. ಒದರಿದ್ರ ನಾನ ಬ್ಯಾಡಂತೇನಿ." ಕದ ತೆರೆಯಿತು. "ಸಣ್ಣಾಂವ ಇದ್ದಾಗಿಂದ ಹಂಗ ನೀ. ಮನಿ ಕದಾನೂ ಹಂಗ ಬಡೀತಿದ್ದಿ" ಎಂದಳು ಅವ್ವ. ಆ ಬೈಗುಳ ಕೇಳಿ ನನಗೆ ಜೀವ ಬಂದ ಹಾಗಾಯಿತು.

ಗುರುವಾರ ಎಂಟಕ್ಕೆ ಅವ್ವ ಬಟ್ಟಲು ಹಿಡಿದು ಬಂದಳು. ಬಾನೆಟ್ಟಾಯಿತು, ಗಾಲಿಯಾಯಿತು, ಸ್ಟೀರಿಂಗಾಯಿತು, ನನ್ನ ಹಣೆಯಾಯಿತು. ನಾನು ಸ್ಟೀರಿಂಗ್ ಹಿಡಿದು ಕನ್ನಡಿಯಲ್ಲಿ ನೋಡುತ್ತಿದ್ದೆ. ಅವಳು ಚೌಕಟ್ಟಿಗೆ ಬಗ್ಗಿದಳು. ಅಲ್ಲಿ ಹಳೆಯ ವಿಭೂತಿಯೆಲ್ಲ ಹೋಗಿ ಬೋಳಾಗಿದ್ದು ಕಂಡಿತು. "ಅಯ್ಯ, ಎಲ್ಲಾ ವರಸಿ ಬಿಟ್ಟಾನಲ್ಲೋ ಅಂವಾ" ಎಂದು, ಹೋದದ್ದನ್ನೆಲ್ಲ ತುಂಬಿಕೊಡುವವಳ ಹಾಗೆ ಇಡೀ ಅಂಗೈ ಅದ್ದಿ ಬಳಿದಳು. ನೀರು ಚೌಕಟ್ಟಿನಗುಂಟ ಇಳಿಯುವುದು ಕಂಡಿತು. ಗಿರಿಜಾ ಬಾಗಿಲು ಹಾಕಿ, ಹಿಂದೆ ಸರಿದು, ಕಣ್ಣು ಮುಚ್ಚಿಕೊಂಡಳು. ಕೀಲಿ ತಿರುವಿದೆ. ಏಳು. ಎಂಟು. ಒಂಬತ್ತು. ಹತ್ತು. ಹನ್ನೊಂದು. ಇಪ್ಪತ್ತರ ತನಕ ಎಣಿಸಿದೆ. ಎದುರು ಮನೆಯ ಬಚ್ಚಲಲ್ಲಿ ತಂಬಿಗೆ ಬಿದ್ದ ಸದ್ದು ಬಿಟ್ಟರೆ ಓಣಿಯಲ್ಲಿ ಏನೂ ಇಲ್ಲ. ಗೇರು ಹಾಕಿ ಹೊರಟವನು ಊರ ಹೊರಗಿನ ಮಾವಿನ ಮರ ದಾಟಿದ ಮೇಲೆಯೇ ಉಸಿರು ಬಿಟ್ಟೆ.

ದಾರಿಯಲ್ಲಿ ಒಂದೊಂದು ತಗ್ಗು ಬಂದಾಗಲೂ ಗೇರು ಇಳಿಸಿ, ಎತ್ತಿನ ಗಾಡಿಯ ಹಾಗೆ ಮೆಲ್ಲಗೆ ದಾಟಿಸಿದೆ. ಸವದತ್ತಿ ಹತ್ತಿರ ಬಂದಾಗ ಅವ್ವ ದೇವಿಯ ಗುಡ್ಡದ ಕಡೆ ತಿರುಗಿ ಕೈ ಮುಗಿದಳು. ಸ್ವಲ್ಪ ದೂರ ಹೋದ ಮೇಲೆ, "ಬಸು, ಗಾಡಿ ತಿರುವು" ಎಂದಳು. ನಾನು ಗಾಬರಿಯಾಗಿ ಬದಿಗೆ ನಿಲ್ಲಿಸಿದೆ. ಕಾರು ಒದರಿಲ್ಲ, ಯಾರೂ ಸೀನಿಲ್ಲ, ಈಗೇನು? ಅವ್ವ ಸೆರಗಿನ ತುದಿ ಸುತ್ತುತ್ತ, "ಒದರಿದ್ರ ಛಲೋ ಇತ್ತು. ಮನ್ಯಾಗ ಕುಂತಿರತಿದ್ದೆ. ಹೋಗಿ ಏನಂತ ಮಾರಿ ತೋರಸಲಿ ಆಕಿಗೆ? ಒಂಬತ್ತ ವರ್ಷ ತಪ್ಪಾತಂತ ಒಂದ ಮಾತ ಅನ್ಲಿಲ್ಲ ನಾ" ಎಂದಳು. ಮೂರು ದಿನ ನಾನು ಯಾವುದನ್ನು ರಿಪೇರಿ ಮಾಡಲು ಓಡಾಡಿದೆನೋ ಅದು ಅಷ್ಟು ದೊಡ್ಡದಲ್ಲವೆಂದು ಆಗ ತಿಳಿಯಿತು. "ಏನೂ ಅನಬ್ಯಾಡ. ಸುಮ್ನ ಕುಂತ ಬಾ" ಎಂದೆ. ತಿರುಗಿಸಲಿಲ್ಲ. ಗೇರು ಹಾಕಿ ಮುಂದೆಯೇ ಹೊರಟೆ.

ರಾಮದುರ್ಗ ಮುಟ್ಟಿದಾಗ ಹನ್ನೆರಡು ಹೊಡೆದಿತ್ತು. ದೊಡ್ಡವ್ವನ ಮನೆಯ ಮುಂದೆ ಕಾರು ಬಂದ್ ಮಾಡಿ ಇಳಿದೆ. ಅವ್ವ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟು ಸೀಟಿನಲ್ಲೇ ಕೂತಳು. ಕರೆಯದೆ ಒಳಗೆ ಹೋಗುವುದಿಲ್ಲ. ಈರಣ್ಣನ ಕೈ ಹಿಡಿದು ದೊಡ್ಡವ್ವ ಹೊಸ್ತಿಲ ತನಕ ಬಂದು ಅಲ್ಲಿಗೇ ನಿಂತಳು. ಎಷ್ಟು ಸೊರಗಿದ್ದಳೆಂದರೆ ನನಗೆ ಒಂದು ಗಳಿಗೆ ಗುರುತೇ ಹತ್ತಲಿಲ್ಲ. "ನಾ ಯಾಕ ಕರೀಲಿ? ಆಕಿಗೆ ಮನಿ ಗೊತ್ತಿಲ್ಲೇನು?" ಎಂದು ಈರಣ್ಣನಿಗೆ ಹೇಳಿದಳು, ಅವ್ವನಿಗೆ ಕೇಳಲಿ ಎಂದು. ಅವ್ವ ಕೇಳಿಸಿಕೊಂಡು ನೆಲ ನೋಡಿದಳು. ಇಬ್ಬರ ನಡುವೆ ಎಂಟು ಹೆಜ್ಜೆ. ಆಮೇಲೆ ದೊಡ್ಡವ್ವ ಈರಣ್ಣನ ಕೈ ಬಿಡಿಸಿಕೊಂಡು, ಹೊಟ್ಟೆ ಹಿಡಿದುಕೊಂಡು, ಮೆಟ್ಟಿಲಿಳಿದು ಬಂದಳು. ಕಾರಿನ ಹತ್ತಿರ ಬಂದು, "ಸರಿ ಅತ್ತಾಗ" ಎಂದಳು. ಅವ್ವ ಸರಿದಳು. ದೊಡ್ಡವ್ವ ಸೀಟಿನ ತುದಿಗೆ ಕೂತು, ಕಾಲು ಮಡಚಲಾಗದೆ ಹೊರಗೇ ಚಾಚಿದಳು.

ಅವಳಿಗೆ ಗಾಳಿಯಾಗಲಿ ಎಂದು ಫ್ಯಾನು ಹಚ್ಚಲು, ನಾನು ಗಡಬಿಡಿಯಲ್ಲಿ ಮುಂದಿನ ಕಿಟಕಿಯಿಂದ ಕೈ ಹಾಕಿ ಕೀಲಿ ತಿರುವಿದೆ. ಬಾಗಿಲು ತೆರೆದಿತ್ತು. ರಾಜೇಸಾಬನ ರಿಪೇರಿ ಪಕ್ಕಾ ಆಗಿತ್ತು. ಕಾರು ಕುಂಯ್ ಎಂದು ಶುರು ಮಾಡಿ ಓಣಿ ಎದ್ದು ಬರುವ ಹಾಗೆ ಒದರಿತು. ಅವ್ವನ ಮುಖ ಬಿಳಿಚಿತು. ದೊಡ್ಡವ್ವ ಬೆಚ್ಚಿ ಏಳಲು ಹೋದಳು. ಕೀಲಿ ಹಿಂದಕ್ಕೆ ತಿರುವಬೇಕೆಂಬ ಬುದ್ಧಿಯೂ ನನಗೆ ಆಗ ಇರಲಿಲ್ಲ. ನುಗ್ಗಿ ಹೋಗಿ, ಬಗ್ಗಿ, ಚೌಕಟ್ಟಿಗೆ ಕೈ ಹಾಕಿ, ಗುಂಡಿ, ಟೊಪ್ಪಿಗೆ, ತಂತಿ ಎಲ್ಲವನ್ನೂ ಒಟ್ಟಿಗೆ ಹಿಡಿದು ಕಿತ್ತುಬಿಟ್ಟೆ. ಸದ್ದು ನಿಂತಿತು. ಆ ನಿಶ್ಶಬ್ದದಲ್ಲಿ ದೊಡ್ಡವ್ವ ಅವ್ವನ ತಲೆ ನೋಡಿ, "ಎಷ್ಟ ಬೆಳ್ಳಗಾಗ್ಯಾವ ನಿನ್ನ ಕೂದ್ಲಾ" ಎಂದಳು. ಅವ್ವ, "ನಿಂದೇನ್ ಕರ್ರಗ ಅದಾವೇನು?" ಎಂದು ಅಕ್ಕನ ಕೈ ಹಿಡಿದು ಅತ್ತಳು. ಆಪರೇಷನ್ ಏನಾಯಿತೆಂದು ನೀವು ಕೇಳುತ್ತೀರಿ. ಆಯಿತು, ದೊಡ್ಡವ್ವ ಉಳಿದಳು. ಆದರೆ ಆ ಮಧ್ಯಾಹ್ನ ನಮಗ್ಯಾರಿಗೂ ಅದು ಗೊತ್ತಿರಲಿಲ್ಲ, ಅವರಿಬ್ಬರೂ ಎರಡು ತಾಸು ಕಾರಿನಿಂದ ಇಳಿಯಲಿಲ್ಲ. ಈರಣ್ಣನ ಹೆಂಡತಿ ಚಹವನ್ನು ಅಲ್ಲಿಗೇ ತಂದುಕೊಟ್ಟಳು.

ನಾನು ಬಿಸಿಲಿನಲ್ಲಿ ಕಾರಿನ ಪಕ್ಕ ನಿಂತು, ಕೇಳದಿದ್ದರೂ ನನ್ನ ಸಾಹಸವನ್ನು ಹೇಳಲು ಶುರು ಮಾಡಿದೆ. "ಸೋಮವಾರನ ಬರತಿದ್ವಿ ದೊಡ್ಡವ್ವಾ. ಈ ಬಾಗಲಾ ಕೆಟ್ಟಿತ್ತು. ಕಿತ್ತೂರ ತನಕಾ ಹೋಗಿ ಬಂದೆ, ಗೊತ್ತೇನು? ಇಲ್ಲಾಂದ್ರ ಎಂದೋ ಬರತಿದ್ವಿ" ಎಂದೆ. ದೊಡ್ಡವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟಿರಲಿಲ್ಲ, ಸುಮ್ಮನೆ ಕೇಳಿದಳು: "ವರ್ಷಕ್ಕ ಎರಡ ಸಲಾ ಆಫೀಸ ಕೆಲಸಕ್ಕ ರಾಮದುರ್ಗಕ್ಕ ಬಂದು, ನಮ್ಮ ಓಣಿ ಮೂಲ್ಯಾಗ ಚಹಾ ಕುಡದ ಹೋಗತಿದ್ದೆಲ್ಲೋ ಬಸು. ಕಟ್ಟಿ ಮ್ಯಾಲ ಕುಂತ ನೋಡತಿದ್ದೆ. ಆವಾಗ ಯಾವ ಬಾಗಲಾ ಕೆಟ್ಟಿತ್ತು?"

ಈ ವಿಷಯ ನಾನು ಅವ್ವನಿಗೆ ಹೇಳಿರಲಿಲ್ಲ. ಇಷ್ಟೊತ್ತು ನಿಮಗೂ ಹೇಳಿರಲಿಲ್ಲ. ಅವ್ವ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಪ್ಲಗ್ ಬಿಚ್ಚಲು ಬಾರದ ನಾನು ಆಗ ಸರಕ್ಕನೆ ಕಾರಿನ ಮುಂದೆ ಹೋಗಿ, ಬಾನೆಟ್ ಎತ್ತಿ, ತಲೆ ಒಳಗೆ ಹಾಕಿ, ಏನೂ ಕೆಟ್ಟಿರದ ಎಂಜಿನ್ನನ್ನು ಬಹಳ ಹೊತ್ತು ಪರೀಕ್ಷೆ ಮಾಡಿದೆ.